ಮೇಷ್ಟ್ರ ಪ್ರಾರ್ಥನೆಗೆ ಬ್ರೇಕು

ಡ್ರೈವಿಂಗ್ ಮೇಷ್ಟ್ರ ಕಾರಿನಲ್ಲಿ ಅವರ ಕಾಲ ಬಳಿಯೂ ಒಂದು ಬ್ರೇಕ್ ಇತ್ತು. ಕಲಿಯುವವರು ಗಾಬರಿಯಾಗುವ ಮೊದಲೇ ತಾವು ಗಾಬರಿಯಾಗಿ ಅದನ್ನು ಒತ್ತಿಬಿಡುತ್ತಿದ್ದರು. ಮನೆಯಲ್ಲಿ ಪ್ರಾರ್ಥನೆಗೆ ಕೂತರೆ ಮಾತ್ರ ಅವರಿಗೆ ಬ್ರೇಕೇ ಇರಲಿಲ್ಲ. ಆ ಕೆಲಸವನ್ನು ಹೆಂಡತಿ ಮೇಜಿನಡಿ ತನ್ನ ಕಾಲಿನಿಂದ ಮಾಡುತ್ತಿದ್ದಳು. ಮೆಲ್ಲಗೆ ತುಳಿದರೆ 'ಇನ್ನು ಸಾಕು' ಎಂದರ್ಥ, ಜೋರಾಗಿ ತುಳಿದರೆ 'ಊಟ ಆರಿ ತಣ್ಣಗಾಯಿತು' ಎಂದರ್ಥ.

ಕ್ರಿಸ್ಮಸ್ಸಿಗೆ ಮುಂಚಿನ ಆಗಮನ ಕಾಲ ಬಂದರಂತೂ ಕೇಳುವುದೇ ಬೇಡ. ಊಟದ ಮೇಜಿನ ಮೇಲೆ ನಾಲ್ಕು ಮೇಣದಬತ್ತಿ, ವಾರಕ್ಕೊಂದು ಹೆಚ್ಚಾಗಿ ಹೊತ್ತಿಸುವುದು. ಬತ್ತಿ ಗಿಡ್ಡವಾದಷ್ಟೂ ಮೇಷ್ಟ್ರ ಪ್ರಾರ್ಥನೆ ಉದ್ದವಾಗುತ್ತಿತ್ತು. ರೋಗಿಗಳು, ಸೆರೆಯಲ್ಲಿರುವವರು, ಸೂರಿಲ್ಲದವರು, ಯಾರನ್ನೂ ಬಿಡುವ ಹಾಗಿಲ್ಲ. ಕೊನೆಗೆ ದನಿ ಏರಿಸಿ, "ಪಕ್ಕದ ಮನೆಯ ಪೇಂಟರ್ ಅಜ್ಜ. ಹೆಂಡತಿ ತೀರಿಕೊಂಡ ಮೇಲೆ ಹೇಳುವವರಿಲ್ಲ, ಕೇಳುವವರಿಲ್ಲ. ದೇವರೇ, ಆ ದಿಕ್ಕಿಲ್ಲದ ಮುದುಕನ ಹತ್ತಿರ ಯಾರನ್ನಾದರೂ ಕಳಿಸು!" ಎನ್ನುವಾಗ ಗಂಟಲು ಕಟ್ಟಿಬರುತ್ತಿತ್ತು. ಗಂಟಲು ಕಟ್ಟಿತಲ್ಲ ಎಂದು ಒಳಗೊಳಗೇ ಹೆಮ್ಮೆಯೂ ಆಗುತ್ತಿತ್ತು, ಸುಳ್ಳೇಕೆ ಹೇಳಬೇಕು.

ಎರಡನೆಯ ಬತ್ತಿಯ ವಾರ 'ಮುದುಕ' ಎಂಬ ಮಾತು ಬಾಯಿಂದ ಬೀಳುವುದಕ್ಕೂ ಗೋಡೆಯಾಚೆ ಅಜ್ಜ ಸೀನುವುದಕ್ಕೂ ಸರಿಹೋಯಿತು. ಎಂಥ ಸೀನು! ಆಮೇಲೆ ಮೂಗು ಒರೆಸಿಕೊಂಡದ್ದೂ ಕೇಳಿಸಿತು.

ಮಗಳು ಕಣ್ಣು ತೆರೆದಳು. "ಅಪ್ಪಾ, ಅವರು ಸೀನಿದ್ದು ನಮಗೆ ಕೇಳಿಸ್ತು ಅಂದ್ರೆ..."

"ಆಮೆನ್," ಎಂದುಬಿಟ್ಟರು ಮೇಷ್ಟ್ರು. ಹೆಂಡತಿ ತುಳಿಯದೆ ಅವರು ಪ್ರಾರ್ಥನೆ ಮುಗಿಸಿದ್ದು ಅದೇ ಮೊದಲು.

ಮೇಷ್ಟ್ರು ಅನ್ನ ಕಲಸುತ್ತಲೇ ಕೂತರು. ದೇವರಿಗೆಂದು ಹೇಳಿದ್ದೆಲ್ಲ ಅಜ್ಜನ ಕಿವಿಗೇ ಬಿದ್ದಿತ್ತೇ? ಮರ್ಯಾದಸ್ಥ ಮನುಷ್ಯನನ್ನು ದಿನಾ ಸಂಜೆ ದಿಕ್ಕಿಲ್ಲದವನೆಂದು ಡಂಗುರ ಸಾರಿದಂತಾಯಿತಲ್ಲ! ಹೋಗಿ ಕ್ಷಮೆ ಕೇಳಬೇಕು. ಆದರೆ 'ನಿಮಗಾಗಿ ಪ್ರಾರ್ಥಿಸಿದ್ದೆ, ತಪ್ಪಾಯಿತು' ಎಂದು ಯಾರಾದರೂ ಹೇಳುವುದುಂಟೇ?

"ರೀ, ಒಂದ್ಸಲ ಹೋಗಿ ಮಾತಾಡಿಸ್ಕೊಂಡು ಬನ್ನಿ," ಎಂದಳು ಹೆಂಡತಿ.

"ಹೋಗ್ತೀನಿ ಕಣೇ. ಎಲ್ಲದಕ್ಕೂ ಒಂದು ಹೊತ್ತು ಅಂತಿರುತ್ತೆ."

ಆ ಹೊತ್ತು ಬರಲೇ ಇಲ್ಲ. ದಿನವಿಡೀ ಕಾರಿನಲ್ಲಿ "ಅಕ್ಕಪಕ್ಕ ನೋಡ್ರೀ!" ಎಂದು ಕಿರುಚುವ ಮನುಷ್ಯ, ಅಜ್ಜನ ಬಾಗಿಲ ಮುಂದೆ ಮಾತ್ರ ತಲೆ ತಗ್ಗಿಸಿ ಕಳ್ಳಬೆಕ್ಕಿನಂತೆ ದಾಟುತ್ತಿದ್ದರು. ಹೇಳೋದು ಆಚಾರ, ತಿನ್ನೋದು ಬದನೆಕಾಯಿ ಎಂದು ತಮ್ಮನ್ನು ತಾವೇ ಮೂದಲಿಸಿಕೊಂಡರು. ಮೂದಲಿಸಿಕೊಳ್ಳುವುದು ಸುಲಭ, ಬಾಗಿಲು ತಟ್ಟುವುದೇ ಕಷ್ಟ. ಸಂಜೆಯ ಪ್ರಾರ್ಥನೆ ಪಿಸುಮಾತಿಗಿಳಿಯಿತು. ಎದುರಿಗೆ ಕೂತ ಮಗಳಿಗೂ ಕೇಳಿಸುತ್ತಿರಲಿಲ್ಲ.

ಮೂರನೆಯ ಬತ್ತಿ ಹೊತ್ತಿಸಿದ ಸಂಜೆ ಯಾರೋ ಬಾಗಿಲು ತಟ್ಟಿದರು. ತೆರೆದರೆ ಅಜ್ಜ. ಕುತ್ತಿಗೆಗೆ ಮಫ್ಲರ್, ಕೈಯಲ್ಲೊಂದು ಫ್ಲಾಸ್ಕ್.

"ಹುಷಾರಾಗಿದ್ದೀರಾ ಮೇಷ್ಟ್ರೇ? ಒಂದು ವಾರದಿಂದ ದನೀನೇ ಇಲ್ಲ. ಗಂಟಲು ಹಿಡ್ಕೊಂಡಿದೆಯೇನೋ ಅಂತ ಬಿಸಿನೀರಿಗೆ ಜೇನುತುಪ್ಪ ಹಾಕ್ಕೊಂಡು ತಂದೆ."

ನೆಲ ಬಾಯ್ಬಿಡಬಾರದೇ ಎನ್ನಿಸಿತು ಮೇಷ್ಟ್ರಿಗೆ. "ಅಜ್ಜಾ, ನಿಮಗೆ ಎಲ್ಲಾ ಕೇಳಿಸ್ತಿತ್ತಾ?"

"ಕೇಳಿಸ್ದೆ ಏನು? ಅದು ಗೋಡೆ ಅಲ್ಲ, ಬರೀ ಹಲಗೆ. ಬಣ್ಣ ಬಳಿದು ಗೋಡೆ ಥರ ಮಾಡಿದೋನು ನಾನೇ."

"ಬೇಜಾರಾಗ್ಲಿಲ್ವಾ?"

"ಮೊದಲು ಸಿಟ್ಟು ಬಂತು. ದಿಕ್ಕಿಲ್ಲದೋನು ಅನ್ನಿಸ್ಕೊಳ್ಳೋಕೆ ಯಾರಿಗೆ ಇಷ್ಟ?" ಅಜ್ಜ ಫ್ಲಾಸ್ಕಿನ ಮುಚ್ಚಳವನ್ನು ಸುಮ್ಮನೆ ತಿರುಗಿಸುತ್ತ ನಿಂತರು. "ಆಮೇಲೆ ಅಭ್ಯಾಸ ಆಯ್ತು. ಅವಳು ಹೋದ ಮೇಲೆ ನನ್ನ ಊಟಕ್ಕೆ ಹೊತ್ತೂ ಇಲ್ಲ ಗೊತ್ತೂ ಇಲ್ಲ. ನೀವು ಶುರು ಮಾಡಿದ ಕೂಡ್ಲೇ ನಾನೂ ತಟ್ಟೆ ಹಾಕ್ಕೊಳ್ತಿದ್ದೆ. ನನ್ನ ಸರದಿ ಬಂದಾಗ ಅಲ್ಲಿಂದ್ಲೇ ಆಮೆನ್ ಅಂತಿದ್ದೆ. ನೀವು ನಿಲ್ಲಿಸಿದ ಮೇಲೆ ಊಟಾನೇ ಸೇರ್ತಿಲ್ಲ."

ಮೇಷ್ಟ್ರ ಗಂಟಲು ಕಟ್ಟಿತು. ಈ ಸಲ ಹೆಮ್ಮೆಯಾಗಲಿಲ್ಲ, ನಾಚಿಕೆಯಾಯಿತು. ಯಾರನ್ನಾದರೂ ಕಳಿಸು ಎಂದು ದಿನಾ ಬೇಡಿದ್ದರು. ದೇವರು ಕಳಿಸಿಯೇಬಿಟ್ಟಿದ್ದ, ಆದರೆ ಮೇಷ್ಟ್ರ ಮನೆಗೆ.

ಅಷ್ಟರಲ್ಲಿ ಹೆಂಡತಿ ಇನ್ನೊಂದು ತಟ್ಟೆ ಇಟ್ಟಾಗಿತ್ತು. "ಕೂತ್ಕೊಳ್ಳಿ ಅಜ್ಜಾ. ಇವತ್ತು ನೀವೇ ಪ್ರಾರ್ಥನೆ ಮಾಡಿ."

ಅಜ್ಜ ಕಣ್ಣು ಮುಚ್ಚಿದರು. "ದೇವರೇ, ಈ ಮೇಷ್ಟ್ರ ಗಂಟಲು ಚೆನ್ನಾಗಿಡಪ್ಪಾ. ಆಮೆನ್."

ಆಗಮನ ಕಾಲ ಶುರುವಾದ ಮೇಲೆ ಆ ಮನೆಯವರು ಬಿಸಿ ಊಟ ಉಂಡದ್ದು ಅಂದೇ. ಮೇಷ್ಟ್ರು ಏನೂ ಆಗಿರದ ಗಂಟಲಿಗೆ ಜೇನಿನ ನೀರನ್ನು ತೊಟ್ಟೂ ಬಿಡದೆ ಕುಡಿದರು.

ಎದ್ದು ಹೊರಡುವಾಗ ಅಜ್ಜ, "ನಾಳೆಯಿಂದ ಮೊದಲಿನ ಹಾಗೇ ಜೋರಾಗಿ ಹೇಳಿ ಮೇಷ್ಟ್ರೇ," ಎಂದರು.

"ಜೋರಾಗಿ ಯಾಕಜ್ಜಾ? ಪಕ್ಕದಲ್ಲೇ ಕೂತಿರ್ತೀರಲ್ಲ. ಊಟದ ಹೊತ್ತಿಗೆ ನಾನೇ ಬಂದು ಬಾಗಿಲು ತಟ್ತೀನಿ," ಎಂದರು ಮೇಷ್ಟ್ರು.

ಹೆಂಡತಿಯ ಕಾಲು ಮೇಜಿನಡಿ ಸುಮ್ಮನಿತ್ತು.