ಹಣ್ಣೆಲೆಯ ಇಪ್ಪತ್ತು ಪೆಟ್ಟಿಗೆಗಳು

ಪ್ರಬಂಧಕ್ಕೆ ಬೇಕಾದ ಪ್ರಯೋಗ ಮಾಡಲು ಸಂಶೋಧಕಿಗೆ ಇನ್ನೊಂದು ಅವಕಾಶವಿರಲಿಲ್ಲ. ಚಳಿ ಮುಗಿಯುವಷ್ಟರಲ್ಲಿ ಅವಳ ಹುದ್ದೆಯ ಅವಧಿಯೂ ಮುಗಿಯುತ್ತಿತ್ತು.

ಸಹೃದಯ ಓದುಗನೇ, ಹಗಲು ಕುಗ್ಗುವ ಆ ದಿನಗಳನ್ನು ನೀನೂ ಕಂಡಿರುತ್ತೀಯೆ... ಬಿಸಿಲು ಮಾಗಿ, ಹೊಂಬಣ್ಣ ತಳೆದು, ಸಸ್ಯಗೃಹದ ಗಾಜಿನ ಮೇಲಿಂದ ಹೊರಡಲಾರದ ನೆಂಟನಂತೆ ಮೆಲ್ಲಮೆಲ್ಲನೆ ಜಾರುತ್ತದೆ! ಅದೇ ಹಗಲನ್ನು ಅವಳು ಕಿಟಕಿಯಿಲ್ಲದ ಕೋಣೆಯಲ್ಲಿ ದೀಪ ಹೊತ್ತಿಸಿ, ದಿನಕ್ಕೆ ಹತ್ತೇ ಗಂಟೆಯಂತೆ ನಲವತ್ತು ಪೆಟ್ಟಿಗೆಗಳ ಕಂಬಳಿಹುಳುಗಳಿಗೆ ಅಳೆದು ಕೊಡುತ್ತಿದ್ದಳು. ಹಗಲು ಕಿರಿದಾದರೆ ಹುಳು ಕೋಶ ಕಟ್ಟಿ ಚಳಿಗಾಲವಿಡೀ ಸುಪ್ತವಾಗಿರುತ್ತದೆ. ಆದರೆ ಆ ದೀರ್ಘನಿದ್ರೆಗೆ ಕಿರುಹಗಲಷ್ಟೇ ಸಾಲದು, ಬಲಿತ ಎಲೆಯ ಊಟವೂ ಬೇಕು ಎಂಬುದು ಅವಳ ದೃಢ ನಂಬಿಕೆ. ಅದಕ್ಕೇ ಇಪ್ಪತ್ತು ಪೆಟ್ಟಿಗೆಗೆ ಚಿಗುರು, ಇಪ್ಪತ್ತಕ್ಕೆ ಹಣ್ಣೆಲೆ.

ಎಲೆ ತರುತ್ತಿದ್ದವನು ಸಸ್ಯಗೃಹದ ಮಾಲಿ.

"ಈ ಹುಳುಗಳ ಪುಣ್ಯ ನನಗಿಲ್ಲ ಬಿಡಿ ಮೇಡಂ. ಊಟ ಹಾಕಿ, ದೀಪ ಆರಿಸಿ ಮಲಗಿಸ್ತೀರ."

"ಪೆಟ್ಟಿಗೆಲಿ ಹಿಡಿಸೋ ಹಾಗಿದ್ರೆ ಬನ್ನಿ. ನಂಬರ್ ಬರೆದು ಅಂಟಿಸ್ತೀನಿ."

ಅವನ ನಗು ಎಳೆಬಿಸಿಲಿನಂತಿತ್ತು! ಎರಡನೆಯ ವಾರದಿಂದ, ಬೇರಾರಿಗೂ ಬಿಡದ, ಹುಳುಗಳಿಗೆ ಉಣಿಸುವ ಕೆಲಸವನ್ನು ಅವಳು ಅವನಿಗೇ ಬಿಟ್ಟಳು. ದಿನವೂ ಎಲೆ ಹಾಕುವ ಕೈ ಅವನದಾಯಿತು.

ಐದನೆಯ ವಾರ ನಲವತ್ತೂ ಪೆಟ್ಟಿಗೆಗಳಲ್ಲಿ ಕೋಶಗಳು ಒಡೆದವು. ಎಲ್ಲೆಲ್ಲೂ ಚಿಟ್ಟೆಗಳು, ಮಲಗಬೇಕಿದ್ದ ಹಣ್ಣೆಲೆಯ ಪೆಟ್ಟಿಗೆಗಳಲ್ಲೂ! ಅವಳು ದೀಪದ ಗಡಿಯಾರವನ್ನು ಮೂರು ಸಲ ಪರೀಕ್ಷಿಸಿದಳು.

"ದೀಪ ಸರಿಯಾಗಿದೆ," ಎಂದ ಮಾಲಿ, ಬಾಗಿಲಲ್ಲೇ ನಿಂತು. "ನಾನೇ ಎಲ್ಲಕ್ಕೂ ಚಿಗುರು ಹಾಕ್ದೆ. ಹಣ್ಣೆಲೆ ತಿಂದವು ಸೊರಗ್ತಿದ್ವು. ಸತ್ರೆ ನೀವು ಅಳ್ತೀರ ಅಂತ..."

"ಅಳೋ ಹಾಗಾಗಿದ್ದು ಈಗ ಕಣ್ರೀ!"

"ಚಿಗುರಿನ ಲೆಕ್ಕಕ್ಕೇ ಸೇರಿಸಿಬಿಡಿ. ಯಾರಿಗೆ ಗೊತ್ತಾಗುತ್ತೆ?"

"ನನಗೆ. ಮೊದಲ ವಾರ ಹಣ್ಣೆಲೆ ತಿಂದಿವೆ. ಯಾವ ಲೆಕ್ಕಕ್ಕೂ ಬರಲ್ಲ."

ನಡೆದುದನ್ನು ನಡೆದಂತೆ ದಾಖಲೆಯಲ್ಲಿ ಬರೆದು ಅವಳು ಸಹಿ ಹಾಕಿದಳು. ಅವನು ಕದಲಲಿಲ್ಲ.

"ನಾಳೆ ಬರ್ಲಾ?"

ಅವಳು ದಾಖಲೆ ಮುಚ್ಚಿಟ್ಟಳು.

"ಬನ್ನಿ. ಬರಿಗೈಲಿ ಬನ್ನಿ."

ಅನುರಾಗಕ್ಕೆ ಋತುಜ್ಞಾನವಿಲ್ಲ, ಓದುಗನೇ! ಮಲಗಬೇಕಾದ ಜೀವವನ್ನೂ ಅದು ಅಕ್ಕರೆಯಿಂದ ಉಣಿಸಿ ಎಬ್ಬಿಸುತ್ತದೆ. ಎಚ್ಚರಗೊಂಡ ರೆಕ್ಕೆಗೆ ಹೊರಗೆ ಒಂದು ಹೂವಾದರೂ ಇದೆಯೇ ಎಂದು ಕೇಳುವುದಿಲ್ಲ... ಆದರೂ ಅದನ್ನು ಅಪರಾಧವೆಂದು ಕರೆಯಲು ಅವಳಿಗೆ ಮನಸ್ಸಾಗಲಿಲ್ಲ.

ನಷ್ಟವಾದದ್ದು ಇಪ್ಪತ್ತು ಪೆಟ್ಟಿಗೆ, ಇನ್ನೂರ ಆರು ಹುಳು, ಒಂದು ಪ್ರಬಂಧ.