ದೊಡ್ಡಮ್ಮನ ತುತ್ತು

ಮಾಣಿ ಸೂಪಿನ ಬಟ್ಟಲು ಇಟ್ಟು ಹೋದ. ದೊಡ್ಡಮ್ಮ ಚಮಚದಿಂದ ಒಂದು ತೊಟ್ಟನ್ನು ಅಂಗೈ ಮೇಲೆ ಬಿಟ್ಟುಕೊಂಡು ನೆಕ್ಕಿ, "ಉಪ್ಪು ಸರಿಯಾಗಿದೆ" ಎಂದಳು. ಚಮಚ ಕೆಳಗಿಟ್ಟಳು. ಅವಳ ಮಟ್ಟಿಗೆ ಊಟ ಮುಗಿದಿತ್ತು.

ವಿದ್ಯಾರ್ಥಿನಿಲಯವೊಂದರ ಅಡುಗೆಮನೆಯಲ್ಲಿ ಆಯುಸ್ಸೆಲ್ಲ ಸವೆಸಿದವಳು ಅವಳು. ತಾಯಿಯಿಲ್ಲದ ನನ್ನನ್ನು ಓದಿಸಿದ್ದೂ ಅದೇ ಸಂಬಳದಲ್ಲಿ. ನಿವೃತ್ತಿಯಾದ ಮೇಲೆ ನನ್ನ ಮನೆಗೆ ಬಂದಳು. ಬಂದಾಗಿನಿಂದ ತುತ್ತು ಗಂಟಲಲ್ಲಿ ಇಳಿಯದಾಯಿತು. ಮೈ ಕರಗಿ, ರವಿಕೆಗಳೆಲ್ಲ ಬೇರೆ ಯಾರದೋ ಎಂಬಂತೆ ಜೋತು ಬಿದ್ದವು. ವೈದ್ಯರು ಎಲ್ಲ ಪರೀಕ್ಷೆ ಮಾಡಿ ಕಾಯಿಲೆ ಏನೂ ಇಲ್ಲವೆಂದರು.

"ಊಟ ಬಲ್ಲವನಿಗೆ ರೋಗವಿಲ್ಲ ಅಂತಾರೆ ಡಾಕ್ಟ್ರೇ. ನನಗೆ ನೋಡಿ, ಊಟವೂ ಇಲ್ಲ, ರೋಗವೂ ಇಲ್ಲ" ಎಂದು ಅವರನ್ನೇ ನಗಿಸಿ ಬಂದಳು. ನನಗೆ ನಗು ಬರಲಿಲ್ಲ. ಹೀಗೇ ಆದರೆ ಅವಳು ಬಹಳ ದಿನ ಉಳಿಯಲಾರಳು ಅನ್ನಿಸಿತ್ತು. ಜಾಗ ಬದಲಾದರೆ ಬಾಯಿರುಚಿ ಮರಳೀತೆಂದು ಈ ಮಹಾನಗರಕ್ಕೆ ಕರೆತಂದೆ.

ನಗರವೇನೋ ಅವಳಿಗೆ ಹಿಡಿಸಿತು. ನದಿಯ ಮೇಲಿನ ಕಬ್ಬಿಣದ ಸೇತುವೆ ನಡುವೆ ಇಬ್ಭಾಗವಾಗಿ, ಎರಡು ಕೈ ಎತ್ತಿದಂತೆ ಮೇಲೆದ್ದು ಹಡಗಿಗೆ ದಾರಿ ಬಿಟ್ಟಾಗ ಕಟಕಟೆ ಹಿಡಿದು ನಿಂತೇಬಿಟ್ಟಳು. "ಇಷ್ಟು ದೊಡ್ಡದೂ ಎದ್ದು ದಾರಿ ಬಿಡುತ್ತಲ್ಲೋ! ನಿಮ್ಮ ಆಫೀಸಿನ ದೊಡ್ಡ ಸಾಹೇಬರಿಗೆ ಒಂದು ಸಲ ತೋರಿಸ್ಬೇಕು." ವಸ್ತುಸಂಗ್ರಹಾಲಯದಲ್ಲಿ ತಿಮಿಂಗಿಲದ ಅಸ್ಥಿಪಂಜರದ ಕೆಳಗೆ ತಲೆಯೆತ್ತಿ ನಿಂತು, "ಇದರ ಹೊಟ್ಟೆಗೆ ಯಾರಪ್ಪಾ ಬೇಯಿಸಿ ಹಾಕೋರು!" ಎಂದಳು. ನಾನೂ ಬೆರಗಾಗಿದ್ದೆ. ಲಕ್ಷಾಂತರ ಜನ ಒಬ್ಬರ ಕಾಲು ಒಬ್ಬರು ತುಳಿಯದೆ ಬದುಕುವುದನ್ನು ಈ ಊರು ಎಲ್ಲಿ ಕಲಿತಿತೋ.

ಆದರೆ ಊಟದ ಹೊತ್ತಿಗೆ ಅದೇ ಪಾಡು. ನಾನು ಹುಡುಕಿ ಹುಡುಕಿ ಒಳ್ಳೆಯ ಜಾಗಗಳಿಗೇ ಕರೆದೊಯ್ಯುತ್ತಿದ್ದೆ: ಹೆಜ್ಜೆ ಸದ್ದಾಗದ ರತ್ನಗಂಬಳಿ, ಮೂಲೆಯ ಮೇಜು, ಪಿಸುಮಾತಿನ ಮಾಣಿಗಳು. ಅವಳು ಎಲ್ಲದರ ಉಪ್ಪು ನೋಡಿ ಕೈ ಒರೆಸಿಕೊಳ್ಳುತ್ತಿದ್ದಳು.

ಆ ಮಧ್ಯಾಹ್ನ ಗಡಿಯಾರದ ಗೋಪುರ ನೋಡಿಕೊಂಡು ಬಸ್ ಡಿಪೋ ಹಿಂದಿನ ಬೀದಿಯಲ್ಲಿ ಬರುತ್ತಿದ್ದೆವು. ತಗಡಿನ ಮಾಡಿನ ಉದ್ದ ಕಟ್ಟಡವೊಂದರಿಂದ ದೊಡ್ಡ ಗದ್ದಲ ಕೇಳಿತು. ತಟ್ಟೆಗೆ ತಟ್ಟೆ ಬಡಿಯುವ ಸದ್ದು, ಬೆಂಚು ಎಳೆಯುವ ಸದ್ದು, ನೂರಾರು ಬಾಯಿಗಳ ಮಾತು. ನಾನು ಆಚೆ ಬದಿಗೆ ದಾಟಿದೆ. ತಿರುಗಿ ನೋಡಿದರೆ ದೊಡ್ಡಮ್ಮ ಬಾಗಿಲಲ್ಲಿದ್ದಳು.

"ಅದು ಡ್ರೈವರ್‌ಗಳ ಕ್ಯಾಂಟೀನು ದೊಡ್ಡಮ್ಮ. ಬಾ, ಬೇರೆ ಕಡೆ ಹೋಗೋಣ."

"ಹೊರಗಿನೋರಿಗೂ ಇದೆ, ಒಳಗೆ ಬನ್ನಿ ಅಜ್ಜಿ!" ಒಳಗಿನಿಂದ ಬಡಿಸುವಾಕೆ ಸೌಟಿನಿಂದ ಪಾತ್ರೆ ಬಡಿದಳು. "ತಟ್ಟೆ ಮುಂದೆ ಹಿಡೀರಿ, ಬೇಗ ಬೇಗ! ಹಿಂದೆ ಜನ ಇದ್ದಾರೆ!"

ದೊಡ್ಡಮ್ಮ ಒಳಗೆ ಹೋಗಿ ತಟ್ಟೆ ಹಿಡಿದಳು; ಅವಳ ಹಿಂದೆ ನಾನೂ. ಆಲೂಗಡ್ಡೆ, ಮೊಟ್ಟೆ, ದಪ್ಪ ಬ್ರೆಡ್ಡು. ಖಾಕಿ ಅಂಗಿಯ ದಡೂತಿ ಡ್ರೈವರೊಬ್ಬ ಪಕ್ಕದಲ್ಲಿ ಕೂರುತ್ತಾ, "ಸ್ವಲ್ಪ ಸರ್ಕೊಳ್ಳಿ ಅಜ್ಜಿ" ಎಂದ.

"ಇನ್ನೂ ಸರಿದ್ರೆ ಗೋಡೆಯೊಳಗೆ ಹೋಗ್ತೀನಿ ಕಣಪ್ಪ. ನೀನೇ ಹೊಟ್ಟೆ ಒಳಗೆಳ್ಕೋ."

ಬೆಂಚಿನವರೆಲ್ಲ ಗೊಳ್ಳೆಂದರು. ದೊಡ್ಡಮ್ಮ ಬ್ರೆಡ್ಡು ಮುರಿದಳು. ಅಂಗೈ ಮೇಲೆ ತೊಟ್ಟು ಬಿಟ್ಟುಕೊಳ್ಳಲಿಲ್ಲ, ಉಪ್ಪಿನ ಮಾತೂ ಆಡಲಿಲ್ಲ. ತುತ್ತಿನ ಮೇಲೆ ತುತ್ತು, ತಲೆಯೆತ್ತದೆ ತಿಂದಳು. ನಾನು ನನ್ನ ತಟ್ಟೆ ಮುಟ್ಟದೆ ಅವಳ ಗಂಟಲನ್ನೇ ನೋಡುತ್ತಾ ಕೂತೆ.

"ಇಷ್ಟು ದಿನ ಏನಾಗಿತ್ತು ದೊಡ್ಡಮ್ಮ?"

ಅವಳು ನನ್ನ ಕಿವಿಯ ಹತ್ತಿರ ಬಾಗಿದಳು. "ಹಾಸ್ಟೆಲ್‌ನಲ್ಲಿ ಮಕ್ಕಳೆಲ್ಲ ಗಲಾಟೆ ಮಾಡ್ಕೊಂಡು ಉಣ್ತಿರುವಾಗ್ಲೇ ನಾನೂ ನಾಲ್ಕು ತುತ್ತು ತಿಂದುಬಿಡ್ತಿದ್ದೆ. ನಿನ್ನ ಮನೇಲಿ ನಾನು ಅಗಿಯೋ ಸದ್ದು ನನಗೇ ಕೇಳುತ್ತೆ ಕಣೋ. ಏನೋ ಕದ್ದು ತಿಂತಿದ್ದೀನೇನೋ ಅನ್ನಿಸುತ್ತೆ."

"ಹೇಳ್ಬಾರದಿತ್ತಾ?"

"ಏನಂತ ಹೇಳ್ಲಿ? ನೀನು ಅಷ್ಟು ಚೆನ್ನಾಗಿ ನೋಡ್ಕೋತೀಯ. ಮನೇಲಿ ಗದ್ದಲ ಇಲ್ಲ ಅಂತ ದೂರು ಹೇಳ್ಲಾ?"

ನನ್ನ ಮನೆಯ ನಿಶ್ಶಬ್ದ ನೆನಪಾಯಿತು. ನನಗೆ ಅದಕ್ಕಿಂತ ದೊಡ್ಡ ಸುಖವಿಲ್ಲ. ನನ್ನಲ್ಲಿದ್ದ ಅತ್ಯುತ್ತಮವಾದದ್ದನ್ನೇ ಅವಳಿಗೆ ಕೊಟ್ಟಿದ್ದೆ. ಅವಳು ಅದರಲ್ಲೇ ಹಸಿದು ಕೂತಿದ್ದಳು.

ಇನ್ನೊಂದು ಪಾಳಿಯವರು ನುಗ್ಗಿದರು. ಗದ್ದಲ ಇಮ್ಮಡಿಯಾಯಿತು. ಅವಳ ತಟ್ಟೆ ಖಾಲಿಯಾಗಿತ್ತು. ನಾನು ಏನೋ ಕೇಳಿದೆ. ಅವಳು ಕಿವಿಗೆ ಕೈ ಒಡ್ಡಿ, ಕೇಳಿಸಲಿಲ್ಲವೆಂದು ತಲೆಯಾಡಿಸಿದಳು.

ಜೀವಮಾನದಲ್ಲಿ ದನಿಯೇರಿಸಿದವನಲ್ಲ ನಾನು. ಎದ್ದು ನಿಂತು ಕೂಗಿದೆ: "ಇನ್ನೂ ಬೇಕಾ ದೊಡ್ಡಮ್ಮಾ?"

ಆ ಕ್ಯಾಂಟೀನಿನಲ್ಲಿ ಒಬ್ಬರೂ ತಿರುಗಿ ನೋಡಲಿಲ್ಲ. ದೊಡ್ಡಮ್ಮ ನಗುತ್ತಾ ತಟ್ಟೆ ಮುಂದೆ ಚಾಚಿದಳು.