ಹೊಳೆಗೆ ಬಿಟ್ಟ ರವಿಕೆ

ಭಾನುವಾರ ಬೆಳಿಗ್ಗೆ ಏಳಕ್ಕೆ ನಾವು ಆರೇಳು ಮಂದಿ ಸಾಲಿಗ್ರಾಮದ ಹೊಳೆದಂಡೆಯಲ್ಲಿ ಚೀಲ ಹಿಡಿದು ಕಸ ಆಯುತ್ತೇವೆ. ಊರಿಗೆ ಉಪಕಾರಿ, ಮನೆಗೆ ಮಾರಿ ಅನ್ನುತ್ತಾರೆ ನನ್ನ ಗಂಡ ಮುಜಫರ್. ಅನ್ನಲಿ. ಉಳಿದವರು ಕಾವೇರಿಯ ಮೇಲಿನ ಪ್ರೀತಿಗೆ ಬರುತ್ತಾರೋ ಏನೋ, ನಾನು ಬರುವುದು ಕುತೂಹಲಕ್ಕೆ. ಯಾರ ಮನೆಯಲ್ಲಿ ಯಾವ ಮಾತ್ರೆ ನುಂಗುತ್ತಾರೆ, ಯಾರ ಮಗುವಿಗೆ ಹುಟ್ಟುಹಬ್ಬ ಆಯಿತು, ಎಲ್ಲ ದಂಡೆಯಲ್ಲೇ ಗೊತ್ತಾಗುತ್ತದೆ. ನಾನು ಟೈಲರ್ ಶಾಹಿಸ್ತಾ ಆದ್ದರಿಂದ ಬಟ್ಟೆಯೆಲ್ಲ ನನ್ನ ಪಾಲು. ಬಟ್ಟೆಯೇ ಹೆಚ್ಚು. ತಿಥಿ ಮುಗಿಸಿದವರು ಸತ್ತವರ ಸೀರೆ, ಅಂಗಿ ತಂದು ಹೊಳೆಗೆ ಬಿಟ್ಟು ತಿರುಗಿ ನೋಡದೆ ಹೋಗುತ್ತಾರೆ. ಹೊಳೆ ಅದನ್ನು ಸ್ವರ್ಗಕ್ಕೆ ಒಯ್ಯುವುದಿಲ್ಲ, ಹತ್ತು ಮಾರು ಆಚೆಯ ಪೊದೆಗೆ ಸಿಕ್ಕಿಸುತ್ತದೆ.

ಹೋದ ವಾರ ಮರದ ಬೇರಿನಿಂದ ಹಸಿರು ರವಿಕೆಯೊಂದನ್ನು ಎಳೆದೆ. ಚೀಲಕ್ಕೆ ಹಾಕುವ ಮುಂಚೆ ತೋಳಿನ ಅಂಚು ನೋಡಿದೆ, ಕಸುಬಿನ ಅಭ್ಯಾಸ. ಎಲ್ಲರ ಕೈಹೊಲಿಗೆ ಒಂದು ಕಡೆ ವಾಲಿದರೆ ಇದು ಇನ್ನೊಂದು ಕಡೆ ವಾಲಿತ್ತು. ಈ ಊರಲ್ಲಿ ಎಡಗೈಯಲ್ಲಿ ಸೂಜಿ ಹಿಡಿದವಳು ಒಬ್ಬಳೇ, ನಮ್ಮ ಅಮ್ಮಿ ಅಜ್ಮತುನ್ನೀಸಾ. ಅವಳು ತೀರಿಕೊಂಡು ನಾಲ್ಕು ವರ್ಷ. ನಲವತ್ತು ವರ್ಷ ಊರ ಹೆಂಗಸರಿಗೆಲ್ಲ ಹೊಲಿದವಳ ಒಂದು ಹೊಲಿಗೆಯೂ ನಮ್ಮ ಮನೆಯಲ್ಲಿಲ್ಲ. ನಾನು ಕಸುಬು ಕಲಿತ ಮೇಲೆ ಅವಳ ಬಟ್ಟೆಯನ್ನೂ ನಾನೇ ಹೊಲಿದೆ, ಹಳೆಯವೆಲ್ಲ ನೆಲ ಒರೆಸಿ ಹರಿದುಹೋದವು. ಆ ರವಿಕೆ ನನಗೆ ಬೇಕೇ ಬೇಕು ಅನ್ನಿಸಿತು. ಮೆಲ್ಲಗೆ ನನ್ನ ಕೈಚೀಲಕ್ಕೆ ಸೇರಿಸಿದೆ.

ನಮ್ಮ ಗುಂಪಿನ ಮುಂದಾಳು, ನಿವೃತ್ತ ಡ್ರಾಯಿಂಗ್ ಮೇಷ್ಟ್ರು ಅಣ್ಣಯ್ಯ ನೋಡಿಬಿಟ್ಟರು.

"ಹೊಳೆಗೆ ಬುಟ್ಟಿದ್ದನ್ನ ಮನೆಗೆ ತಗೊಂಡೋಗ್ಬಾರ್ದು ಕಣವ್ವ."

ಹಾಗಾದರೆ ಕಸದ ಟ್ರ್ಯಾಕ್ಟರಿಗೆ ಹಾಕಬಹುದೋ ಎಂದು ಕೇಳಿದೆ. ರವಿಕೆ ಯಾರದೆಂದು ಅವರಿಗೆ ಗೊತ್ತಿತ್ತು. ಆ ವಾರ ಊರಲ್ಲಿ ನಡೆದದ್ದು ಒಂದೇ ತಿಥಿ, ಜವರಯ್ಯನ ತಾಯಿ ಸಿದ್ದಲಿಂಗಮ್ಮನದು. ಬೇಕಾದರೆ ಆ ಮನೆಯವರನ್ನು ಕೇಳಿ ಇಟ್ಟುಕೋ ಎಂದರು.

ನೆಟ್ಟಗೆ ಅಲ್ಲಿಗೇ ಹೋದೆ. ಮೊದಲು ಸ್ವಲ್ಪ ಯೋಚಿಸಬೇಕಿತ್ತು. ಜಗಲಿಯಲ್ಲಿ ಸೊಪ್ಪು ಬಿಡಿಸುತ್ತಿದ್ದ ಸೊಸೆ ರಾಣಿ, ನಾನು ರವಿಕೆ ಹೊರಗೆ ತೆಗೆದದ್ದೇ ಎದ್ದು ನಿಂತಳು. ಮುಖ ಬಿಳಚಿಕೊಂಡಿತು. ಅತ್ತೆಯ ಜೊತೆ ಕಳಿಸಿದ್ದನ್ನು ನಾನು ಮನೆ ಬಾಗಿಲಿಗೆ ವಾಪಸ್ ತಂದಿದ್ದೆ. ನಾಚಿಕೆಯಿಂದ ಭೂಮಿಗಿಳಿದು ಹೋದೆ. ರವಿಕೆಯನ್ನು ಚೀಲದ ಸಮೇತ ಬೇಲಿಯಾಚೆ ಇಟ್ಟು ಬಂದು, ಯಾಕೆ ತಂದೆನೆಂದು ಹೇಳಿದೆ. ಹೇಳುತ್ತಾ ಅತ್ತುಬಿಟ್ಟೆ. ಅದು ಅತ್ತೆಗೆ ಸೇರಿದ್ದು, ಯಾರೂ ಇಟ್ಟುಕೊಳ್ಳಕೂಡದು ಎಂದಳು ರಾಣಿ. ಹೊಳೆ ಹತ್ತಿರವೇ ಬಿಡುತ್ತೇನೆ ಎಂದು ಮಾತು ಕೊಟ್ಟೆ.

ಅವಳು ಒಳಗೆ ಹೋಗಿ ಇನ್ನೊಂದು ರವಿಕೆ ತಂದಳು, ಕೆಂಪಿನದು. ಅಂಚಿನಲ್ಲಿ ಅಮ್ಮಿಯ ಹೊಲಿಗೆಯೇ.

"ಎಲ್ಲಾನೂ ಬುಡಕ್ಕೆ ಮನ್ಸು ಬರ್ನಿಲ್ಲ ಕಣಕ್ಕ. ನಮ್ಮೆಜಮಾನ್ರಿಗೂ ಯೋಳ್ದೆ ಅಕ್ಕಿ ಡಬ್ಬದೊಳ್ಗೆ ಮಡಗಿದ್ದೆ. ಇದು ಹೊಳೆಗೆ ಹೋಗಿಲ್ಲ, ನೀವು ತಗೊಳ್ಳಿ."

ಕೈ ಚಾಚಿದೆ. ಅವಳು ಕೊಟ್ಟಳು, ಆದರೆ ಬೆರಳು ಬಿಡಲಿಲ್ಲ. ನೀನೇ ತೊಟ್ಟುಕೊಳ್ಳಬಾರದೇ ಎಂದೆ. ಒಮ್ಮೆ ತೊಟ್ಟು ನೋಡಿದ್ದಳಂತೆ, ತೋಳೇ ತೂರಲಿಲ್ಲವಂತೆ.

ರವಿಕೆಯ ಒಳಮೈ ತಿರುಗಿಸಿದೆ. ತೋಳಿನಿಂದ ಸೊಂಟದವರೆಗೆ ಎರಡೂ ಬದಿಗೆ ಅಮ್ಮಿ ಕೈಯಲ್ಲೇ ಹೊಲಿದು ಒಳಗೆ ಎರಡೆರಡು ಬೆರಳು ಬಟ್ಟೆ ಬಿಟ್ಟಿದ್ದಳು. ಮೈ ತುಂಬಿಕೊಂಡರೆ ಯಾವ ಹೆಂಗಸೂ ಹೊಸದು ಹೊಲಿಸುವ ಹಾಗಾಗಬಾರದೆಂದು ಎಲ್ಲರಿಗೂ ಹಾಗೇ ಬಿಡುತ್ತಿದ್ದಳು. ಬಿಚ್ಚಿದರೆ ರಾಣಿಗೆ ಸರಿಹೋಗುತ್ತಿತ್ತು. ಬಿಚ್ಚಿದರೆ ಅಮ್ಮಿಯ ಹೊಲಿಗೆ ಹೋಗುತ್ತಿತ್ತು. ಬಾಯಿ ಮುಚ್ಚಿಕೊಂಡು ಮನೆಗೆ ಒಯ್ಯಲೇ ಎಂದು ಒಂದು ಗಳಿಗೆ ಆಸೆಯಾಯಿತು, ಸುಳ್ಳು ಯಾಕೆ ಹೇಳಲಿ.

ಬ್ಲೇಡು, ಸೂಜಿ ತರಿಸಿಕೊಂಡು ಜಗಲಿಯಲ್ಲೇ ಕೂತು ಬಿಚ್ಚಿದೆ. ಒಳಗಿನ ಬಟ್ಟೆ ಬಿಸಿಲು ಕಂಡಿರಲಿಲ್ಲ, ಅಂಗಡಿಯಿಂದ ತಂದ ದಿನದ ಕೆಂಪು ಹಾಗೇ ಇತ್ತು. ರಾಣಿ ಅದನ್ನು ಮುಟ್ಟಿ ಮುಟ್ಟಿ ನೋಡಿದಳು. ಸಡಿಲ ಮಾಡಿ ಹೊಲಿದುಕೊಟ್ಟೆ. ಅವಳು ಒಳಗೆ ಹೋಗಿ ತೊಟ್ಟುಕೊಂಡು ಬರುವಷ್ಟರಲ್ಲಿ, ಮಡಿಲಿಗೆ ಬಿದ್ದಿದ್ದ ಅಮ್ಮಿಯ ದಾರದ ತುಂಡುಗಳನ್ನು ಒಂದೊಂದಾಗಿ ಆಯ್ದು ದುಪಟ್ಟಾದ ತುದಿಗೆ ಗಂಟು ಹಾಕಿಕೊಂಡೆ.